ಬೇಕಾದ ಮೀನಿನ ಪಟ್ಟಿ ಹಿಡಿದು ಮರಿ ಮಾಡಲು ಹೊರಟಾಗ

ಸಮುದ್ರದ ಮೀನು ಸಾಕುವವರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತದೆ: ಯಾವ ಮೀನು ತೊಟ್ಟಿಯಲ್ಲೇ ಮರಿಯಾಗುವಂತಾದರೆ ಚೆನ್ನ? ನಮ್ಮ ಬಳಗದಲ್ಲಿ ಒಮ್ಮೆ ಎಲ್ಲರೂ ತಮ್ಮ ತಮ್ಮ ಆಸೆಯ ಪಟ್ಟಿಯನ್ನು ಬರೆದೇ ಕೊಟ್ಟರು. ಮ್ಯಾಂಡರಿನ್ ಹೆಚ್ಚುಕಡಿಮೆ ಎಲ್ಲರ ಪಟ್ಟಿಯಲ್ಲೂ ಇತ್ತು. ಆಮೇಲೆ ಯೆಲ್ಲೋ ಟ್ಯಾಂಗ್, ಬ್ಲೂ ಟ್ಯಾಂಗ್, ಫ್ಲೇಮ್ ಏಂಜಲ್, ಕಾಪರ್‌ಬ್ಯಾಂಡ್ ಬಟರ್‌ಫ್ಲೈ, ಕ್ಲೀನರ್ ರಾಸ್, ಆಂಥಿಯಸ್. ಒಂದಿಬ್ಬರು ಮೂರಿಶ್ ಐಡಲ್ ಎಂದೂ ಬರೆದಿದ್ದರು. ಕ್ಲೌನ್‌ಫಿಶ್ ಎಂದಾಗಲಿ, ಬಂಗ್ಗಾಯ್ ಕಾರ್ಡಿನಲ್ ಎಂದಾಗಲಿ ಯಾರೂ ಬರೆದಿರಲಿಲ್ಲ. ಅವು ಹೇಗೂ ಆಗುತ್ತವಲ್ಲ ಎಂಬ ಭಾವನೆ. ಮರಿ ಮಾಡುವ ಕೆಲಸಕ್ಕೆ ಇಳಿಯಬೇಕೆಂದು ನಾನು ಮನಸ್ಸು ಮಾಡಿದ್ದು ಆ ಪಟ್ಟಿ ನೋಡಿದ ಮೇಲೆ. ಶುರು ಮಾಡಿದ್ದು ಮಾತ್ರ ಪಟ್ಟಿಯಲ್ಲಿಲ್ಲದ ಮೀನಿನಿಂದ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಸಿಹಿನೀರಿನ ಗಪ್ಪಿ, ಏಂಜಲ್, ಬಾರ್ಬ್‌ಗಳು ಬಹುಪಾಲು ಫಾರ್ಮಿನಲ್ಲೇ ಹುಟ್ಟಿ ಬರುತ್ತವೆ. ಉಪ್ಪುನೀರಿನ ಕಥೆ ತಲೆಕೆಳಗು. ಇಲ್ಲಿ ಹವಳದ ದಿಬ್ಬದಿಂದ ಹಿಡಿದು ತಂದ ಮೀನೇ ಹೆಚ್ಚು. ಅಮೆರಿಕಕ್ಕೆ ಆಮದಾದ ಮೀನಿನ ಇನ್‌ವಾಯ್ಸ್‌ಗಳನ್ನು ಸಂಶೋಧಕರು ಒಂದೊಂದಾಗಿ ತೆಗೆದು ಲೆಕ್ಕ ಹಾಕಿದಾಗ, 2004–05ರ ಒಂದೇ ವರ್ಷದಲ್ಲಿ 1,800ಕ್ಕೂ ಹೆಚ್ಚು ಜಾತಿಯ, ಒಂದು ಕೋಟಿಗೂ ಮೀರಿದ ಸಮುದ್ರದ ಮೀನುಗಳು ಆ ಒಂದು ದೇಶಕ್ಕೇ ಹೋಗಿದ್ದು ಗೊತ್ತಾಯಿತು. ಇತ್ತ ಮನುಷ್ಯರ ಕೈಯಲ್ಲಿ ಒಮ್ಮೆಯಾದರೂ ಮರಿಯಾಗಿ ಬೆಳೆದ ಅಲಂಕಾರಿಕ ಸಮುದ್ರ ಮೀನಿನ ಜಾತಿಗಳು ಮುನ್ನೂರು ದಾಟಿವೆ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಆ ‘ಒಮ್ಮೆಯಾದರೂ’ ಎಂಬ ಮಾತನ್ನು ಗಮನಿಸಬೇಕು. ಒಂದು ಪ್ರಯೋಗಾಲಯದಲ್ಲಿ ಒಂದು ಸಲ ನಾಲ್ಕು ಮರಿ ಬದುಕಿದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಕೇಳಿದಾಗೆಲ್ಲ ಸಿಗುವಷ್ಟು ಮರಿಯಾಗುವ ಜಾತಿಗಳು ಅದರಲ್ಲಿ ಬಹಳ ಕಡಿಮೆ.

ಹೀಗಾಗಲು ಕಾರಣ ಮೊಟ್ಟೆಯಲ್ಲಿದೆ. ಕ್ಲೌನ್‌ಫಿಶ್, ಗೋಬಿ, ಡಾಟಿಬ್ಯಾಕ್ ಮೊದಲಾದವು ಕಲ್ಲಿಗೋ ಬಿಲದೊಳಗೋ ಮೊಟ್ಟೆಯಿಟ್ಟು ಕಾಯುತ್ತವೆ. ಮೊಟ್ಟೆ ದೊಡ್ಡದು, ಅದರೊಳಗೆ ಮರಿಗೆ ಆಹಾರವಾಗುವ ಬಂಡಾರ ಹೆಚ್ಚು. ಹೊರಬರುವ ಮರಿಗೆ ಕಣ್ಣು, ಬಾಯಿ, ಹೊಟ್ಟೆ ಎಲ್ಲ ತಯಾರಾಗಿರುತ್ತವೆ. ಟ್ಯಾಂಗ್, ಏಂಜಲ್, ರಾಸ್, ಬಟರ್‌ಫ್ಲೈಗಳ ದಾರಿ ಬೇರೆ. ಹೆಚ್ಚಾಗಿ ಸಂಜೆಗತ್ತಲಲ್ಲಿ ನೀರಿನ ಮೇಲ್ಭಾಗಕ್ಕೆ ಏರಿ ಮೊಟ್ಟೆಯನ್ನು ಕಡಲಿಗೆ ಚೆಲ್ಲಿ ಹೊರಟುಬಿಡುತ್ತವೆ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ತೇಲುಮೊಟ್ಟೆ ಒಂದೇ ದಿನದೊಳಗೆ ಒಡೆಯುತ್ತದೆ. ಹೊರಬಂದದ್ದಕ್ಕೆ ಇನ್ನೂ ಬಾಯಿಯೇ ತೆರೆದಿರುವುದಿಲ್ಲ, ಕಣ್ಣಿಗೆ ಬಣ್ಣ ಬಂದಿರುವುದಿಲ್ಲ. ಎರಡು ಮೂರು ದಿನಕ್ಕೆ ಬಾಯಿ ತೆರೆದಾಗ ಆ ಬಾಯಿಗೆ ಹಿಡಿಸುವಂಥ ಜೀವಂತ ಆಹಾರ ಅದರ ಮೂತಿಯ ಮುಂದೆಯೇ ಇರಬೇಕು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಬಳಗದ ಪಟ್ಟಿಯಲ್ಲಿದ್ದ ಮೀನುಗಳೆಲ್ಲ ಈ ಎರಡನೇ ಗುಂಪಿನವೇ.

ಮೊದಲು ಕ್ಲೌನ್‌ಫಿಶ್. 1970ರ ದಶಕದ ಆರಂಭದಲ್ಲಿ ಫ್ಲೋರಿಡಾದ ಮಾರ್ಟಿನ್ ಮೋ ಆಸಿಲಾರಿಸ್ ಜಾತಿಯ ಕ್ಲೌನ್‌ಗಳನ್ನು ಮರಿಯಿಂದ ಬೆಳೆಸಿ ದಾರಿ ತೋರಿಸಿದರು. ಇವತ್ತಿಗೂ ಈ ಕೆಲಸ ಕಲಿಯುವವರು ಕಾಲಿಡುವುದು ಅದೇ ದಾರಿಯಲ್ಲಿ. ಜೋಡಿ ಮಾಡುವುದು ಕಷ್ಟವಲ್ಲ. ಕ್ಲೌನ್‌ಗಳು ಹುಟ್ಟುತ್ತಾ ಗಂಡಾಗಿಯೂ ಇರುವುದಿಲ್ಲ, ಹೆಣ್ಣಾಗಿಯೂ ಇರುವುದಿಲ್ಲ. ಗುಂಪಿನಲ್ಲಿ ಎಲ್ಲರನ್ನೂ ಅದುಮಿ ಹಿಡಿಯುವುದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗಿ ಕೆಳಗಿನದ್ದು ಗಂಡಿನ ಸ್ಥಾನಕ್ಕೆ ಬರುತ್ತದೆ. ಹಾಗಾಗಿ ಒಂದು ದೊಡ್ಡ ಮರಿ, ಒಂದು ಚಿಕ್ಕ ಮರಿ ಒಟ್ಟಿಗೆ ಬಿಟ್ಟರೆ ಸಾಕು. ಉಳಿದದ್ದನ್ನು ಅವೇ ಇತ್ಯರ್ಥ ಮಾಡಿಕೊಳ್ಳುತ್ತವೆ. ಚಿಕ್ಕದು ಮೈ ಅದುರಿಸಿ ಶರಣು ಎನ್ನುವುದನ್ನು ಕಂಡರೆ ಜೋಡಿ ಕೂಡಿತೆಂದೇ ಅರ್ಥ.

ಮೊಟ್ಟೆ ಬರಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಎರಡೇ: ಹೊಟ್ಟೆ ತುಂಬ ಒಳ್ಳೆಯ ಆಹಾರ ಕೊಡುವುದು, ಅವುಗಳ ನೆಮ್ಮದಿ ಕೆಡಿಸದಿರುವುದು. ಒಂದು ದಿನ ಇಬ್ಬರೂ ಸೇರಿ ಮಣ್ಣಿನ ಕುಂಡದ ಒಳಗೋಡೆಯನ್ನು ಬಾಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡಲು ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಹೊಟ್ಟೆಯನ್ನು ಗೋಡೆಗೆ ಒತ್ತಿಕೊಂಡು ನಿಧಾನ ಸರಿಯುತ್ತ ಸಾಲು ಸಾಲಾಗಿ ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಸಿತು. ಹಿಂದೆಯೇ ಗಂಡು. ಆಮೇಲಿನ ದಿನಗಳಲ್ಲಿ ಗಂಡು ಆ ಕುಂಡ ಬಿಟ್ಟು ಕದಲಲಿಲ್ಲ. ರೆಕ್ಕೆಯಿಂದ ಗಾಳಿ ಬೀಸುವುದು, ಬಾಯಿಂದ ಒರೆಸುವುದು, ಬೆಳ್ಳಗಾದ ಮೊಟ್ಟೆಯನ್ನು ಹೆಕ್ಕಿ ತೆಗೆಯುವುದು, ಮತ್ತೆ ಗಾಳಿ ಬೀಸುವುದು. ಭೂತಗನ್ನಡಿ ಹಿಡಿದು ನೋಡಿದರೆ ದಿನಕ್ಕೊಂದು ಬದಲಾವಣೆ. ಕಿತ್ತಳೆ ಬಣ್ಣ ಮಾಸಿ ಕಂದಾಗುತ್ತದೆ. ಆಮೇಲೆ ಪ್ರತಿ ಮೊಟ್ಟೆಯ ತುದಿಯಲ್ಲೂ ಎರಡು ಕಪ್ಪು ಚುಕ್ಕೆ. ಕೊನೆಗೆ ಆ ಚುಕ್ಕೆಗಳ ಸುತ್ತ ಬೆಳ್ಳಿಯ ಹೊಳಪು. ಅದು ಮರಿಯ ಕಣ್ಣು. ಬೆಳ್ಳಿ ಹೊಳಪು ಬಂತೆಂದರೆ ಅವತ್ತೋ ಮರುದಿನವೋ ರಾತ್ರಿ ಒಡೆಯುತ್ತದೆ. ನೀರಿನ ಬಿಸಿಗೆ ತಕ್ಕಂತೆ ಇದೆಲ್ಲ ಆರರಿಂದ ಹತ್ತು ದಿನದ ಲೆಕ್ಕ.

ದೀಪ ಆರಿಸಿ ಪೂರ್ತಿ ಕತ್ತಲಾದ ಮೇಲೆ ಮರಿ ಹೊರಬರುತ್ತವೆ. ಮೂರು ನಾಲ್ಕು ಮಿಲಿಮೀಟರ್ ಉದ್ದದ ಪಾರದರ್ಶಕ ಎಳೆಗಳು. ಬೆಳಕಿನ ಕಡೆಗೆ ಓಡುವುದು ಅವುಗಳ ಸ್ವಭಾವ. ಮಂದ ಟಾರ್ಚ್ ಒಂದು ಮೂಲೆಗೆ ಹಿಡಿದರೆ ಎಲ್ಲವೂ ಅಲ್ಲಿ ಬಂದು ಗುಂಪಾಗುತ್ತವೆ; ಲೋಟದಿಂದ ನೀರಿನ ಸಮೇತ ತೆಗೆದು ಮರಿತೊಟ್ಟಿಗೆ ಬಿಡಬಹುದು. ಬಲೆ ಮುಟ್ಟಿಸುವಂತಿಲ್ಲ. ಮರಿತೊಟ್ಟಿಯ ಸುತ್ತ ಕಪ್ಪು ಕಾಗದ ಸುತ್ತಿರುತ್ತೇವೆ, ಇಲ್ಲದಿದ್ದರೆ ಗಾಜಿನಲ್ಲಿ ಹೊಳೆಯುವ ಬೆಳಕಿನ ಹಿಂದೆ ಬಿದ್ದು ಗೋಡೆಗೆ ತಲೆ ಗುದ್ದಿಕೊಂಡೇ ಸಾಯುತ್ತವೆ.

ಇಷ್ಟು ಹೇಳಿದರೆ ಕೆಲಸ ಮೀನಿನದೇ ಅನ್ನಿಸುತ್ತದೆ. ನಿಜವಾದ ಕೆಲಸ ರೋಟಿಫರ್‌ನದು. ಮರಿ ಸಾಕುವುದೆಂದರೆ ಮೊದಲು ಮರಿಯ ಆಹಾರವನ್ನು ಸಾಕುವುದು, ಅದಕ್ಕೂ ಮೊದಲು ಆ ಆಹಾರದ ಆಹಾರವನ್ನು ಸಾಕುವುದು. ನ್ಯಾನೋಕ್ಲೊರಾಪ್ಸಿಸ್ ಎಂಬ ಸೂಕ್ಷ್ಮ ಪಾಚಿಯನ್ನು ಬಾಟಲಿಗಳಲ್ಲಿ ಬೆಳೆಸುತ್ತೇವೆ. ಬೆಳಕು, ಗೊಬ್ಬರದ ದ್ರಾವಣ, ಬಿಡುವಿಲ್ಲದ ಗಾಳಿ ಕೊಟ್ಟರೆ ನೀರು ದಟ್ಟ ಹಸಿರಾಗುತ್ತದೆ. ಆ ಹಸಿರು ನೀರು ತಿಂದು ಬೆಳೆಯುವುದು ರೋಟಿಫರ್, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಉದ್ದದ ಪ್ರಾಣಿ. ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಹೆಣ್ಣುಗಳನ್ನು ಹೆರುತ್ತ ಹೋಗುತ್ತವೆ. ಚೆನ್ನಾಗಿ ನಡೆಯುತ್ತಿರುವಾಗ ದಿನ ಬಿಟ್ಟು ದಿನಕ್ಕೆ ಇಮ್ಮಡಿಯಾಗುತ್ತವೆ. ಬಕೆಟ್ಟಿನ ನೀರನ್ನು ಗಾಜಿನ ಲೋಟದಲ್ಲಿ ತೆಗೆದು ಬೆಳಕಿಗೆ ಹಿಡಿದರೆ ಬಿಳಿ ಧೂಳು ತಾನಾಗಿಯೇ ಓಡಾಡಿದ ಹಾಗೆ ಕಾಣುತ್ತದೆ. ಮೈಕ್ರೋಸ್ಕೋಪಿನಡಿ ನೋಡಿದರೆ ಒಂದೊಂದರ ಬಾಲದ ಬುಡದಲ್ಲೂ ಮೊಟ್ಟೆ. ಮೊಟ್ಟೆ ಹೊತ್ತ ಹೆಣ್ಣುಗಳ ಪ್ರಮಾಣ ಕಡಿಮೆಯಾಯಿತೆಂದರೆ ಆ ಬಕೆಟ್ ನಾಳೆಯೋ ನಾಡಿದ್ದೋ ಕೈಕೊಡುತ್ತದೆ ಎಂದು ತಿಳಿಯಬೇಕು. ಅದಕ್ಕೇ ಒಂದನ್ನೇ ನಂಬದೆ ಬೇರೆ ಬೇರೆ ಕಡೆ ಎರಡು ಮೂರು ಬಕೆಟ್ ಇಟ್ಟಿರುತ್ತೇವೆ. ದಿನಾ ಬೆಳಗ್ಗೆ ಒಂದು ಪಾಲು ನೀರು ತೆಗೆದು 53 ಮೈಕ್ರಾನ್ ಜರಡಿಯಲ್ಲಿ ಸೋಸಿ, ಹೊಸ ಉಪ್ಪುನೀರು ತುಂಬಿ, ಪಾಚಿ ಹಾಕಿ, ಬುಡದ ಕೊಳೆ ಹೀರಿ ತೆಗೆಯಬೇಕು. ಮೀನಿಗೆ ಒಂದು ದಿನ ಊಟ ಹಾಕದಿದ್ದರೆ ನಡೆಯುತ್ತದೆ. ರೋಟಿಫರ್‌ಗೆ ನಡೆಯುವುದಿಲ್ಲ.

ಮರಿತೊಟ್ಟಿಯ ನೀರಿಗೂ ತೆಳುವಾಗಿ ಹಸಿರು ಕೂಡಿಸುತ್ತೇವೆ. ಅದರಿಂದ ಎರಡು ಲಾಭ: ತಿನ್ನದೆ ಉಳಿದ ರೋಟಿಫರ್ ಹಸಿದು ಸೊರಗುವುದಿಲ್ಲ, ಆ ಮಬ್ಬು ಹಿನ್ನೆಲೆಯಲ್ಲಿ ಮರಿಗೆ ಬೇಟೆ ಎದ್ದು ಕಾಣುತ್ತದೆ. ಒಂದು ಮಿಲಿಲೀಟರ್ ನೀರಿನಲ್ಲಿ ಹತ್ತರಷ್ಟು ರೋಟಿಫರ್ ಇರುವಂತೆ ನೋಡಿಕೊಳ್ಳಬೇಕು. ಮರಿ ಬೇಟೆಯಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಇದರ ಅರ್ಥ ಆಗುತ್ತದೆ. ಮೈಯನ್ನು ಎಸ್ ಆಕಾರಕ್ಕೆ ಬಾಗಿಸಿ, ಒಂದು ಕ್ಷಣ ನಿಂತು, ಛಕ್ಕನೆ ಮುಂದಕ್ಕೆ ಚಿಮ್ಮುತ್ತದೆ. ಮೊದಲ ದಿನ ಗುರಿ ತಪ್ಪುವುದೇ ಹೆಚ್ಚು. ಅಷ್ಟು ಸಲ ಚಿಮ್ಮುವ ಶಕ್ತಿ ಅದರಲ್ಲಿಲ್ಲ. ಹಾಗಾಗಿ ಬೇಟೆ ದಟ್ಟವಾಗಿರಬೇಕು. ಹೊಟ್ಟೆ ತುಂಬಿದ ಮರಿಯ ಪಾರದರ್ಶಕ ಮೈಯೊಳಗೆ ಹೊಟ್ಟೆ ಉಬ್ಬಿ ಬೆಳ್ಳಗೆ ಕಾಣುತ್ತದೆ. ಬೆಳಗ್ಗೆ ದೀಪ ಹಾಕಿ ಆ ಬಿಳಿ ಹೊಟ್ಟೆಗಳನ್ನು ಕಂಡಾಗ ಆಗುವ ಸಂತೋಷ ದೊಡ್ಡದು.

ಒಂದು ವಾರ ಕಳೆದ ಮೇಲೆ ಆಗತಾನೆ ಒಡೆದ ಆರ್ಟೀಮಿಯಾ, ಅಂದರೆ ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿಯ ಮರಿ, ಕೊಡಬಹುದು. ಹತ್ತು, ಹನ್ನೆರಡು ದಿನದ ಹೊತ್ತಿಗೆ ಪಾರದರ್ಶಕ ಎಳೆಗೆ ಕಿತ್ತಳೆ ಬಣ್ಣ ಏರಿ, ತಲೆಯ ಹಿಂದೆ ಬಿಳಿ ಪಟ್ಟೆ ಮೂಡುತ್ತದೆ. ನಡುನೀರಿನಲ್ಲಿ ತೇಲುತ್ತಿದ್ದದ್ದು ತಳಕ್ಕೆ ಇಳಿದು, ಮೈಯನ್ನು ಅತ್ತಿತ್ತ ತೂಗುತ್ತ ಕ್ಲೌನ್‌ಫಿಶ್ ನಡಿಗೆ ನಡೆಯುತ್ತದೆ. ಈ ಹಂತ ದಾಟಿದ ಮೇಲೆ ಸಾವು ಅಪರೂಪ.

ಇಲ್ಲೊಂದು ಮಾತು ಹೇಳದೆ ಇರಲಾರೆ. ಮರಿಗಳಲ್ಲಿ ಪಟ್ಟೆ ಅರ್ಧಕ್ಕೆ ನಿಂತದ್ದು, ಪಟ್ಟೆಯೇ ಇಲ್ಲದ್ದು ಕೆಲವು ಬರುತ್ತವೆ. ಅಂಥವನ್ನೇ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಕೂಡಿಸಿ ವಿಚಿತ್ರ ಬಣ್ಣದ ಕ್ಲೌನ್‌ಗಳನ್ನು ಮಾಡುವುದು ಈಗ ದೊಡ್ಡ ಉದ್ಯಮ. ಕೊಳ್ಳುವವರಿಗೆ ಖುಷಿ, ಮಾರುವವರಿಗೆ ಲಾಭ, ಕಡಲಿನಿಂದ ಹಿಡಿಯುವುದೂ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಮರಿ ಮಾಡುವವರ ತೊಟ್ಟಿ, ಸಮಯ, ಪಾಚಿ ಎಲ್ಲಕ್ಕೂ ಮಿತಿಯಿದೆ. ಒಂದೇ ಜಾತಿಯ ನೂರು ಬಣ್ಣಕ್ಕೆ ಅದೆಲ್ಲ ಖರ್ಚಾದರೆ ಹೊಸ ಜಾತಿಗೆ ಕೈ ಹಾಕುವವರು ಯಾರು? ನಾನು ಮಾತ್ರ ಕಡಲಿನಲ್ಲಿ ಹೇಗಿದೆಯೋ ಹಾಗೇ ಇರುವ ಮರಿಗಳನ್ನು ಉಳಿಸಿಕೊಳ್ಳುತ್ತ ಬಂದಿದ್ದೇನೆ.

ಬಂಗ್ಗಾಯ್ ಕಾರ್ಡಿನಲ್ ಸಾಕುವುದು ಕ್ಲೌನ್‌ಗಿಂತ ಸುಲಭ. ಸುಲಭವಾದದ್ದಕ್ಕೇ ಅದು ನನಗೆ ಕಲಿಸಿದ್ದು ಹೆಚ್ಚು.

ಬೆಳ್ಳಿಯ ಮೈಗೆ ಕಪ್ಪು ಪಟ್ಟೆ, ಬಿಳಿ ಚುಕ್ಕೆಯ ರೆಕ್ಕೆ, ಕವಲೊಡೆದ ಉದ್ದ ಬಾಲ. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತಮುತ್ತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಹುಟ್ಟಿದ ಮೀನಲ್ಲ. 1933ರಲ್ಲಿ ಶಾಸ್ತ್ರೀಯ ಹೆಸರು ಪಡೆದು, ಆಮೇಲೆ ಎಲ್ಲರೂ ಮರೆತುಬಿಟ್ಟಿದ್ದರು. 1994ರಲ್ಲಿ ಮೀನುತಜ್ಞ ಜೆರಾಲ್ಡ್ ಆ್ಯಲೆನ್ ಮತ್ತೆ ಕಂಡು ಜಗತ್ತಿಗೆ ತೋರಿಸಿದರು. ತೋರಿಸಿದ್ದೇ ತಡ, ವ್ಯಾಪಾರ ಮುಗಿಬಿತ್ತು. 2000ದ ದಶಕದ ಆರಂಭದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಮೀನು ಹಿಡಿಯುತ್ತಿದ್ದರೆಂಬ ಅಂದಾಜುಗಳಿವೆ. 2007ರಲ್ಲಿ ಜೀವಿಗಳ ಉಳಿವು ಅಳಿವಿನ ಲೆಕ್ಕವಿಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಇದರಲ್ಲಿ ಮೊಟ್ಟೆ ಕಾಯುವುದು ಗಂಡಿನ ಬಾಯಿ. ಹೆಣ್ಣು ಇಟ್ಟ ಮೊಟ್ಟೆಗಳ ಗೊಂಚಲನ್ನು ಗಂಡು ಬಾಯಿಗೆ ತುಂಬಿಕೊಂಡು ಮೂರು ನಾಲ್ಕು ವಾರ ಉಪವಾಸ ಇರುತ್ತದೆ. ಗದ್ದ ಇಳಿಬಿದ್ದು ಊದಿರುತ್ತದೆ. ಆಗಾಗ ಬಾಯಿ ತುಸು ತೆರೆದು ಮೊಟ್ಟೆಗಳನ್ನು ಹೊರಳಿಸಿಕೊಳ್ಳುವಾಗ ಕಿತ್ತಳೆ ಬಣ್ಣ ಇಣುಕುತ್ತದೆ. ಮೊಟ್ಟೆ ಒಡೆದ ಮೇಲೂ ಕೆಲವು ದಿನ ಮರಿ ಬಾಯಲ್ಲೇ. ಕೊನೆಗೆ ಉಗುಳಿದಾಗ ಹೊರಬರುವುದು ಒಂದು ಸೆಂಟಿಮೀಟರಿನ ಹತ್ತಿರ ಬೆಳೆದ, ಪಟ್ಟೆ ಬಾಲ ಎಲ್ಲ ತಾಯ್ತಂದೆಯಂತೆಯೇ ಇರುವ ಪುಟ್ಟ ಮೀನು. ತೇಲುವ ಹಂತವೇ ಇಲ್ಲ. ರೋಟಿಫರ್ ಬೇಡ, ಹಸಿರು ನೀರು ಬೇಡ. ಅವತ್ತೇ ಆರ್ಟೀಮಿಯಾ ತಿನ್ನುತ್ತದೆ. ಕಡಲಿನಲ್ಲಿ ಉದ್ದ ಮುಳ್ಳಿನ ಕಡಲಮುಳ್ಳುಚೆಂಡುಗಳ ನಡುವೆ ಅಡಗಿರುತ್ತದೆ, ತೊಟ್ಟಿಯಲ್ಲಿ ಪ್ಲಾಸ್ಟಿಕ್ ಮುಳ್ಳು ಕೊಟ್ಟರೂ ಅಲ್ಲೇ ಹೋಗಿ ಸೇರುತ್ತದೆ. ಒಂದು ಗೊಂಚಲಿನಿಂದ ಸಿಗುವ ಮರಿ ಕೆಲವೇ ಡಜನ್. ಆದರೆ ಸಿಕ್ಕವು ಬದುಕುತ್ತವೆ.

ಆ ಮರಿಗಳನ್ನು ನೋಡುತ್ತ ನನ್ನನ್ನು ಕಾಡಿದ ಪ್ರಶ್ನೆ ಇದು: ಇಷ್ಟು ಸುಲಭವಾಗಿ ಮರಿಯಾಗುವ ಮೀನು ಅಳಿವಿನಂಚಿಗೆ ಹೋದದ್ದು ಹೇಗೆ? ಮರಿ ಮಾಡುವ ವಿದ್ಯೆ ಗೊತ್ತಿಲ್ಲದ್ದಕ್ಕಲ್ಲ. 1990ರ ದಶಕದಲ್ಲೇ ಹವ್ಯಾಸಿಗಳು ಮನೆಯಲ್ಲಿ ಮರಿ ಮಾಡಿದ್ದರು. ಆದರೆ ಕಡಲಿನಿಂದ ಹಿಡಿದ ಮೀನು ಅಗ್ಗಕ್ಕೆ ಸಿಗುತ್ತಿದ್ದಾಗ, ತಿಂಗಳುಗಟ್ಟಲೆ ಆರ್ಟೀಮಿಯಾ ತಿನ್ನಿಸಿ ಬೆಳೆಸಿದ ಮರಿಯ ಬೆಲೆಗೆ ಅದರ ಮುಂದೆ ನಿಲ್ಲಲಾಗಲಿಲ್ಲ. ಕಡಲಿನಿಂದ ಬಂದ ಬಂಗ್ಗಾಯ್‌ಗಳಲ್ಲಿ ಇರಿಡೋವೈರಸ್ ಕಾಟದಿಂದ ಸಾಯುವುದು ಹೆಚ್ಚು. ಸತ್ತರೆ ಇನ್ನೊಂದು ತಂದರಾಯಿತು ಎಂದು ಜನ ಕೊಂಡರು. ಆಮೇಲೆ ದೊಡ್ಡ ಪ್ರಮಾಣದಲ್ಲಿ ಫಾರ್ಮಿನ ಮರಿಗಳು ಮಾರುಕಟ್ಟೆಗೆ ಬಂದ ಮೇಲಷ್ಟೇ ಚಿತ್ರ ಬದಲಾಗತೊಡಗಿತು. ಇದಕ್ಕೆ ವಿರುದ್ಧದ ಉದಾಹರಣೆ ಕೆಂಪು ಸಮುದ್ರದ ಆರ್ಕಿಡ್ ಡಾಟಿಬ್ಯಾಕ್. ಅದು ಕ್ಲೌನ್‌ನಷ್ಟು ಸುಲಭವಲ್ಲ, ಆದರೂ ಇವತ್ತು ಮಾರಾಟವಾಗುವವುಗಳಲ್ಲಿ ಬಹಳಷ್ಟು ತೊಟ್ಟಿಯಲ್ಲೇ ಹುಟ್ಟಿದವು. ಅಲ್ಲಿ ಕೊಳ್ಳುವವರು ಮರಿ ಮಾಡಿದವರ ಜೊತೆ ನಿಂತರು.

ಬಳಗದ ಪಟ್ಟಿಯ ಮೊದಲ ಹೆಸರಿಗೆ ಬಂದದ್ದು ಇದಾದ ಮೇಲೆ. ಬಳಗದ ಹಿರಿಯರೊಬ್ಬರು ಸಿಕ್ಕಾಗೆಲ್ಲ ಕೇಳುತ್ತಿದ್ದರು, “ಕ್ಲೌನ್ ಸಾಕು ಮಾರಾಯ್ರೇ, ಮ್ಯಾಂಡರಿನ್ ಯಾವಾಗ?” ಅವರ ಕಳಕಳಿ ನಿಜವಾದದ್ದು. ಕಡಲಿನಿಂದ ಬಂದ ಮ್ಯಾಂಡರಿನ್ ಜೀವಂತ ಕೋಪೆಪಾಡ್ (ಸಿಗಡಿ ಬಳಗದ ಪುಟ್ಟ ಜೀವಿ) ಬಿಟ್ಟು ಬೇರೇನನ್ನೂ ಮುಟ್ಟದೆ, ತುಂಬಿದ ತೊಟ್ಟಿಯಲ್ಲೇ ಹಸಿದು ಸೊರಗುವುದನ್ನು ಅವರು ಕಣ್ಣಾರೆ ನೋಡಿದವರು.

ಮ್ಯಾಂಡರಿನ್ ಜೋಡಿ ಮೊಟ್ಟೆಯಿಡುವುದು ದೀಪ ಆರುವ ಹೊತ್ತಿಗೆ. ಗಂಡಿಗೆ ಬೆನ್ನಿನ ಮೇಲೆ ಉದ್ದ ಮುಳ್ಳು, ಹಾಗಾಗಿ ಗುರುತಿಸುವುದು ಸುಲಭ. ಮಂದ ಬೆಳಕಿನಲ್ಲಿ ಹೆಣ್ಣು ಗಂಡಿನ ಹೊಟ್ಟೆಯ ಬಳಿಯ ರೆಕ್ಕೆಯ ಮೇಲೆ ಒರಗುತ್ತದೆ. ಎರಡೂ ಪಕ್ಕಕ್ಕೆ ಪಕ್ಕ ಅಂಟಿಕೊಂಡು ಮೆಲ್ಲಗೆ ಮೇಲೇರುತ್ತವೆ. ನೀರಿನ ಮೇಲ್ಮೈಯ ಹತ್ತಿರ ಒಂದು ಕ್ಷಣ ನಿಂತು, ಮೊಟ್ಟೆ ಬಿಟ್ಟು, ಬೇರೆಯಾಗಿ ಕೆಳಕ್ಕೆ ಜಾರುತ್ತವೆ. ಆ ಮೊಟ್ಟೆಗಳನ್ನು ನೀರಿನ ಸಮೇತ ಮೇಲಿನಿಂದ ತೆಗೆದು ಬೇರೆ ಪಾತ್ರೆಗೆ ಹಾಕಬೇಕು. ಬೆಳಗಾಗುವುದರೊಳಗೆ ಒಡೆದಿರುತ್ತವೆ. ಮೊದಲ ಸಲ ನೋಡಿದವರಿಗೆ ಅದು ಮೀನೆಂದೇ ತೋಚುವುದಿಲ್ಲ: ಕಣ್ಣಿಲ್ಲ, ಬಾಯಿಲ್ಲ, ಬಂಡಾರದ ಚೀಲ ಹೊತ್ತು ತಲೆಕೆಳಗಾಗಿ ತೂಗುವ ಒಂದು ಗಾಜಿನ ಚೂರು.

ಇವುಗಳ ಬಾಯಿಗೆ ಸಾಮಾನ್ಯ ರೋಟಿಫರ್ ದೊಡ್ಡದು. ಕೋಪೆಪಾಡ್‌ನ ಮರಿ ಬೇಕು. ಕೋಪೆಪಾಡ್‌ಗಳಲ್ಲೂ ಪಾರ್ವೋಕ್ಯಾಲನಸ್ ಎಂಬ ಚಿಕ್ಕ ಜಾತಿಯದಾದರೆ ಒಳ್ಳೆಯದು, ಅದರ ಮರಿ 50 ಮೈಕ್ರಾನ್ ಆಸುಪಾಸು. ಗಾತ್ರವೊಂದೇ ಅಲ್ಲ. ಅದು ಎಳೆದೆಳೆದು ಈಜುವ ರೀತಿಯೇ ಮರಿಮೀನಿನ ಕಣ್ಣು ಸೆಳೆಯುತ್ತದೆ. ಅದರ ಮೈಯಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಸಹಜವಾಗಿ ತುಂಬಿರುತ್ತದೆ. ಮರಿಯ ಮಿದುಳು, ಕಣ್ಣು ಬೆಳೆಯಲು ಅದೇ ಬೇಕು. ರೋಟಿಫರ್‌ಗಾದರೆ ನಾವು ಹೊರಗಿನಿಂದ ತಿನ್ನಿಸಿ ತುಂಬಬೇಕು.

ಕಷ್ಟ ಇರುವುದು ಈ ಕೋಪೆಪಾಡ್ ಬೆಳೆಸುವುದರಲ್ಲಿ. ರೋಟಿಫರ್ ಒಂದು ಮಿಲಿಲೀಟರಿಗೆ ನೂರಾರು ಬೆಳೆಯುತ್ತದೆ. ಪಾರ್ವೋಕ್ಯಾಲನಸ್ ಅದರ ಹತ್ತಿರಕ್ಕೂ ಬರುವುದಿಲ್ಲ. ಪೇಸ್ಟಿನ ಪಾಚಿ ಅದಕ್ಕೆ ಒಗ್ಗುವುದಿಲ್ಲ, ಜೀವಂತ ಐಸೋಕ್ರೈಸಿಸ್ ಬೇಕು. ಐಸೋಕ್ರೈಸಿಸ್ ಕಂದು ಬಣ್ಣದ ಪಾಚಿ, ನ್ಯಾನೋಕ್ಲೊರಾಪ್ಸಿಸ್‌ಗಿಂತ ನಾಜೂಕು. ಬಿಸಿ ಹೆಚ್ಚಾದರೆ ಕುಸಿಯುತ್ತದೆ, ಪಕ್ಕದ ಬಕೆಟ್ಟಿನಿಂದ ಒಂದು ರೋಟಿಫರ್ ಹಾರಿ ಬಂದರೂ ಇಡೀ ಬಾಟಲಿ ಹಾಳು. ಹಾಗಾಗಿ ರೋಟಿಫರ್ ಒಂದು ಕೋಣೆಯಲ್ಲಿ, ಕೋಪೆಪಾಡ್ ಇನ್ನೊಂದರಲ್ಲಿ. ಜರಡಿ ಬೇರೆ, ಲೋಟ ಬೇರೆ, ಕೈ ತೊಳೆಯುವ ಕ್ರಮವೂ ಬೇರೆ. ಮೊದಲು ಕೋಪೆಪಾಡ್ ಕೆಲಸ ಮುಗಿಸಿ ಆಮೇಲೆ ರೋಟಿಫರ್ ಮುಟ್ಟಬೇಕು, ಹಿಂದುಮುಂದಾಗುವ ಹಾಗಿಲ್ಲ.

ಮೊಟ್ಟೆಯ ಒಂದೊಂದು ತಂಡದಲ್ಲೂ ನಡೆದದ್ದು ಹೆಚ್ಚುಕಡಿಮೆ ಒಂದೇ. ಬಾಯಿ ತೆರೆಯುವ ದಿನಕ್ಕೆ ಎಲ್ಲವೂ ಜೀವಂತ. ಮರುದಿನ ಅರ್ಧ. ಅದರ ಮರುದಿನ ಟಾರ್ಚ್ ಹಿಡಿದು ಹುಡುಕಬೇಕು. ಕೋಪೆಪಾಡ್ ಮರಿಗಳ ದಟ್ಟಣೆ ಏರಿಸುತ್ತ ಹೋದ ಹಾಗೆ ಉಳಿಯುವ ದಿನಗಳೂ ಏರುತ್ತ ಹೋದವು. ಕೊನೆಗೊಂದು ತಂಡದಲ್ಲಿ ಕೆಲವು ಮರಿಗಳ ಹೊಟ್ಟೆ ತುಂಬಿದ್ದು ಕಂಡಿತು. ಎರಡು ವಾರ ದಾಟಿದ ಮೇಲೆ ಅವು ತಳಕ್ಕೆ ಇಳಿದು, ಗಾಜಿನ ಮೇಲೆ ನಿಂತು, ಚಿಕ್ಕ ಕಂದು ಚುಕ್ಕೆಗಳಂತೆ ಜಿಗಿಯುತ್ತ ಓಡಾಡಿದವು. ಕೈಬೆರಳಲ್ಲಿ ಎಣಿಸುವಷ್ಟೇ. ಆದರೂ ಅವು ಮ್ಯಾಂಡರಿನ್‌ಗಳೇ. ಬೆಳೆಯುತ್ತ ಬಂದ ಹಾಗೆ ಹೆಪ್ಪುಗಟ್ಟಿದ ಆಹಾರಕ್ಕೆ, ಆಮೇಲೆ ಸಣ್ಣ ಕಾಳಿನ ಆಹಾರಕ್ಕೂ ಒಗ್ಗಿದವು. ಕಡಲಿನ ಮ್ಯಾಂಡರಿನ್‌ಗೂ ತೊಟ್ಟಿಯಲ್ಲಿ ಹುಟ್ಟಿದ ಮ್ಯಾಂಡರಿನ್‌ಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಅದನ್ನು ಸಾಕುವವರ ತೊಟ್ಟಿಯಲ್ಲಿ ಅದು ಹಸಿದು ಸಾಯಬೇಕಾಗಿಲ್ಲ.

ಆ ಹಿರಿಯರಿಗೆ ಒಂದು ಜೋಡಿ ಕೊಟ್ಟೆ. ಕೈಯಲ್ಲಿ ಹಿಡಿದ ಚೀಲದೊಳಗೆ ನೋಡಿ, “ಇಷ್ಟು ಚಿಕ್ಕದಾ? ಬಣ್ಣ ಇನ್ನೂ ಬಂದಿಲ್ಲವಲ್ಲ?” ಎಂದರು. ಬರುತ್ತದೆ, ಆರು ತಿಂಗಳು ಕಾಯಿರಿ ಎಂದೆ. ಕಾದರು. ಈಗ ತಾವೇ ಬೇರೆಯವರಿಗೆ ಅದನ್ನು ಹೇಳುತ್ತಾರೆ.

ಟ್ಯಾಂಗ್‌ಗಳ ಮಾತಿಗೆ ಬಂದರೆ ಮನೆಯ ಹವ್ಯಾಸಿಯ ಅಳತೆ ಸಾಲುವುದಿಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಯೆಲ್ಲೋ ಟ್ಯಾಂಗ್ ಬೆನ್ನು ಹತ್ತಿದ್ದು ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್. ಮೊಟ್ಟೆ ಸಿಗುವುದು ತೊಡಕೇ ಆಗಿರಲಿಲ್ಲ, ಸಾಕಿದ ಗುಂಪು ಮೊಟ್ಟೆ ಚೆಲ್ಲುತ್ತಲೇ ಇತ್ತು. ಮೊದಲ ವಾರ ದಾಟಿಸುವುದೇ ವರ್ಷಗಟ್ಟಲೆ ಹಿಡಿಯಿತು. ಪಾರ್ವೋಕ್ಯಾಲನಸ್ ದೊಡ್ಡ ಪ್ರಮಾಣದಲ್ಲಿ ಬೆಳೆಸುವುದನ್ನು ಕಲಿತ ಮೇಲೆ, 2015ರಲ್ಲಿ ಮರಿಗಳು ಕೊನೆಯವರೆಗೂ ಬೆಳೆದು ಹಳದಿಯಾದವು. ಮರುವರ್ಷ ಫ್ಲೋರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬ್ಲೂ ಟ್ಯಾಂಗ್ ಕೂಡ ಬೆಳೆಯಿತು, ಅಪಾರ ಮೊಟ್ಟೆಗಳಿಂದ ಕೊನೆಗೆ ಉಳಿದದ್ದು ಕೆಲವೇ ಮರಿ. ಟ್ಯಾಂಗ್ ಮರಿ ತಳ ಸೇರಲು ಎರಡು ತಿಂಗಳ ಹತ್ತಿರ ಬೇಕು. ಅಷ್ಟೂ ದಿನ ಗಾತ್ರಕ್ಕೆ ತಕ್ಕ ಜೀವಂತ ಆಹಾರ ಒಂದು ಹೊತ್ತೂ ತಪ್ಪಬಾರದು.

2017ರಲ್ಲಿ ಹವಾಯಿಯ ಸುಪ್ರೀಂ ಕೋರ್ಟ್, ಪರಿಸರದ ಪರಿಶೀಲನೆಯಿಲ್ಲದೆ ಅಕ್ವೇರಿಯಂಗಾಗಿ ಮೀನು ಹಿಡಿಯುವ ಪರವಾನಗಿ ಕೊಡುವಂತಿಲ್ಲ ಎಂದಿತು. ಅಲ್ಲಿ ಹಿಡಿಯುತ್ತಿದ್ದದ್ದರಲ್ಲಿ ಬಹುಪಾಲು ಯೆಲ್ಲೋ ಟ್ಯಾಂಗೇ. ಕಡಲಿನದು ಸಿಗುವುದು ಕಡಿಮೆಯಾಗುವ ಹೊತ್ತಿಗೆ ತೊಟ್ಟಿಯ ಮರಿ ಮಾಡುವ ವಿದ್ಯೆ ಕೈಗೆ ಬಂದಿತ್ತು. ಬಂಗ್ಗಾಯ್‌ಗೆ ವಿದ್ಯೆ ಇದ್ದರೂ ಕಡಲಿನದು ಅಗ್ಗಕ್ಕೆ ಸಿಗುತ್ತಲೇ ಇತ್ತು, ಯೆಲ್ಲೋ ಟ್ಯಾಂಗ್‌ಗೆ ಎರಡೂ ಕೂಡಿಬಂದವು.

ಕಡಲಿನಿಂದ ಮೀನು ಹಿಡಿಯುವುದೆಲ್ಲ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಸಯನೈಡ್ ಚೆಲ್ಲಿ ಹಿಡಿಯುವುದು ಹವಳವನ್ನೂ ಮೀನನ್ನೂ ಒಟ್ಟಿಗೆ ಕೊಲ್ಲುವ ಕೆಲಸ, ಅದಕ್ಕೆ ಕ್ಷಮೆಯಿಲ್ಲ. ಆದರೆ ಕೈಬಲೆಯಿಂದ ಲೆಕ್ಕವಿಟ್ಟು ಹಿಡಿಯುವ ದ್ವೀಪದ ಮೀನುಗಾರರಿಗೆ ದಿಬ್ಬ ಜೀವಂತ ಇದ್ದರೇ ಅನ್ನ. ಅವರ ಕೈಯಿಂದ ಆ ಕಸುಬು ಕಿತ್ತುಕೊಂಡರೆ ದಿಬ್ಬ ಕಾಯುವವರೂ ಇಲ್ಲವಾಗುತ್ತಾರೆ. ಹಾಗಾಗಿ ಯಾವುದನ್ನು ಮೊದಲು ತೊಟ್ಟಿಯಲ್ಲಿ ಮರಿ ಮಾಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ: ಒಂದೇ ಕಡೆ ಹುಟ್ಟುವ, ಮರಿ ಕಡಿಮೆಯಿರುವ ಮೀನು, ಇಲ್ಲವೇ ಹಿಡಿದು ತಂದರೆ ತಿನ್ನದೆ ಸಾಯುವ ಮೀನು. ಬಂಗ್ಗಾಯ್ ಮೊದಲನೆಯದು, ಮ್ಯಾಂಡರಿನ್, ಕಾಪರ್‌ಬ್ಯಾಂಡ್, ಕ್ಲೀನರ್ ರಾಸ್ ಎರಡನೆಯವು. ಚೆಂದ ಎಂಬ ಕಾರಣಕ್ಕೆ ಮಾತ್ರ ಮೂರಿಶ್ ಐಡಲ್ ಬೇಕೆನ್ನುವವರಿಗೆ ನಾನು ಬೇರೆಯದನ್ನೇ ಹೇಳುತ್ತೇನೆ. ಅದರ ಮರಿ ಬಹಳ ಕಾಲ ಕಡಲಲ್ಲಿ ತೇಲಿ, ಸಾಕಷ್ಟು ದೊಡ್ಡದಾದ ಮೇಲಷ್ಟೇ ದಿಬ್ಬಕ್ಕೆ ಇಳಿಯುತ್ತದೆ. ಅದನ್ನು ಕಡಲಿನಲ್ಲೇ ನೋಡಿ ಸಂತೋಷಪಡೋಣ.

ಬಳಗದಲ್ಲಿ ಈಗಲೂ ಪಟ್ಟಿ ಬರೆಯುತ್ತೇವೆ, ಆದರೆ ಪ್ರತಿ ಹೆಸರಿನ ಮುಂದೆ ಇನ್ನೂ ಮೂರು ವಿಷಯ ಸೇರಿಸುತ್ತೇವೆ: ಮೊಟ್ಟೆ ಅಂಟಿಸುತ್ತದೆಯೋ ತೇಲಿಬಿಡುತ್ತದೆಯೋ, ಬಾಯಿ ತೆರೆದಾಗ ಏನು ತಿನ್ನಬಲ್ಲದು, ಎರಡು ಸೆಂಟಿಮೀಟರಿನ ಬಣ್ಣ ಬಾರದ ಮರಿಯನ್ನು ತೆಗೆದುಕೊಳ್ಳಲು ನಮ್ಮಲ್ಲಿ ಎಷ್ಟು ಜನ ಸಿದ್ಧ. ಮೂರನೆಯದನ್ನು ಬರೆಯಲು ನಾನೇ ಹಟ ಹಿಡಿದದ್ದು. ಹೆಸರು ಕೊಟ್ಟವರು ಮರಿ ಬಂದಾಗ ತೆಗೆದುಕೊಳ್ಳಬೇಕು. ಕಡಲಿನಿಂದ ಬಂದ ದೊಡ್ಡ ಮೀನು ಅಗ್ಗಕ್ಕೆ ಸಿಗುತ್ತಿದೆ ಎಂದು ಆಗ ಹಿಂದೆ ಸರಿಯಬಾರದು.

ಹೊಸದಾಗಿ ಕೈ ಹಾಕುವವರು ಕೇಳಿದರೆ ನಿಯಾನ್ ಗೋಬಿ ಹೇಳುತ್ತೇನೆ. ಒಂದು ಕೊಳವೆ ಕೊಟ್ಟರೆ ಅದರೊಳಗೇ ಮೊಟ್ಟೆಯಿಡುತ್ತದೆ, ರೋಟಿಫರ್ ಮೇಲೇ ಬೆಳೆಯುತ್ತದೆ. ಮೇಲಾಗಿ ಬೇರೆ ಮೀನುಗಳ ಮೈಯ ಪರೋಪಜೀವಿ ಹೆಕ್ಕಿ ತಿನ್ನುತ್ತದೆ. ಕ್ಲೀನರ್ ರಾಸ್ ಬೇಕೆನ್ನುವ ಎಷ್ಟೋ ಜನರಿಗೆ ನಿಜವಾಗಿ ಬೇಕಾದ ಮೀನು ಇದು.

ನನ್ನ ತೊಟ್ಟಿಯಲ್ಲಿ ಈಗ ಫ್ಲೇಮ್ ಏಂಜಲ್‌ಗಳಿವೆ. 2000ದ ದಶಕದ ಆರಂಭದಲ್ಲೇ ಹವಾಯಿಯಲ್ಲಿ ಇದನ್ನು ಮರಿಯಿಂದ ಬೆಳೆಸಿ ತೋರಿಸಿದ್ದಾರೆ, ಹಾಗಾಗಿ ಆಗದ ಕೆಲಸವಲ್ಲ. ಜೋಡಿ ಸಂಜೆಯ ಹೊತ್ತಿಗೆ ಮೇಲೇರುವುದನ್ನು ಶುರು ಮಾಡಿದೆ. ಪಾರ್ವೋಕ್ಯಾಲನಸ್ ಪಾತ್ರೆಗಳನ್ನು ಎರಡು ಪಟ್ಟು ಹೆಚ್ಚಿಸದೆ ಮೊಟ್ಟೆ ಎತ್ತಬಾರದೆಂದು ತೀರ್ಮಾನಿಸಿದ್ದೇನೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ಐಸೋಕ್ರೈಸಿಸ್ ಬಾಟಲಿಗಳದ್ದೇ ಕೆಲಸ.